ಜಂಬುಲಿಂಗಪ್ಪನವರು ಸೀಟು ಬಿಟ್ಟುಕೊಟ್ಟದ್ದು

ಕೊಟ್ರಮ್ಮ: ಕೊಡೋದಿದ್ರೆ ನಿಮ್ ಸೀಟು ಕೊಡ್ರಿ. ನನ್ ಸೀಟು ಕೊಡೋಕೆ ನೀವ್ಯಾರು?

ಜಂಬುಲಿಂಗಪ್ಪ: ಗಂಡ ಹೆಂಡ್ತಿ ಅಂದ್ಮೇಲೆ ನಂದು ನಿಂದು ಅಂತ ಬೇರೆ ಬೇರೆ ಇರ್ತೈತೇನೇ?

ಕೊಟ್ರಮ್ಮ: ಬೀರು ಬೀಗದಕೈ ಕೇಳ್ದಾಗ ಬೇರೆ ಬೇರೆ ಇತ್ತಲ್ಲ.

ಈ ಜಗಳ ಶುರುವಾಗಿ ಎರಡು ದಿನವಾಗಿತ್ತು. ನಾನು ಪಕ್ಕದ ಮನೆಯ ಹನುಮಂತರಾಜು, ಚಳ್ಳಕೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರು. ಶುಕ್ರವಾರ, ಶನಿವಾರ ಗೋಡೆಯ ಈಚೆ ಕೂತು ಬಿಟ್ಟಿಯಾಗಿ ಕೇಳಿದ್ದಾಯಿತು. ಭಾನುವಾರ ಬೆಳಿಗ್ಗೆ ನ್ಯಾಯ ಹೇಳಲು ಬನ್ನಿ ಎಂದು ಅವರೇ ಕರೆಸಿದರು. ಹೋಗಿ ನೋಡಿದರೆ ನನ್ನ ಹೆಂಡತಿ ರೇಣುಕಮ್ಮ ಆಗಲೇ ಕೊಟ್ರಮ್ಮನ ಪಕ್ಕ ಚಾಪೆಯ ಮೇಲೆ ಕೂತಿದ್ದಳು. ಅಂದರೆ ತೀರ್ಪು ಆಗಿಹೋಗಿತ್ತು. ನನ್ನನ್ನು ಕರೆಸಿದ್ದು ತಲೆಯಾಡಿಸಲು.

ಜಂಬುಲಿಂಗಪ್ಪನವರದು ಶೇಂಗಾ ಎಣ್ಣೆಯ ಮಿಲ್ಲು. ಅವರ ಧಾರಾಳತನ ಊರಿಗೇ ಗೊತ್ತು. ಮಿಲ್ಲಿನಲ್ಲಿ ಒಂದು ಹನಿ ಎಣ್ಣೆ ಚೆಲ್ಲಿದರೆ ಬೆರಳಲ್ಲಿ ಒರೆಸಿ ತಲೆಗೆ ಹಚ್ಚಿಕೊಳ್ಳುವ ಮನುಷ್ಯ, ಪರರ ಸೊತ್ತಾದರೆ ಮಾತ್ರ ಕರ್ಣ.

ವಿಷಯ ಇಷ್ಟು. ಕೊಟ್ರಮ್ಮನಿಗೆ ಇರುವವನು ಒಬ್ಬನೇ ತಮ್ಮ, ಮುರುಗೇಶ್. ದೆಹಲಿಯಲ್ಲಿ ಸೆಂಟ್ರಲ್ ಗೌರ್ಮೆಂಟ್ ಕೆಲಸ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಗಂಡುಮಗು ಹುಟ್ಟಿತ್ತು. ಶುಕ್ರವಾರ ಬೆಳಿಗ್ಗೆ ನಾಮಕರಣ. ನಮ್ಮ ಕಡೆ ಮಗುವಿನ ಕಿವಿಯಲ್ಲಿ 'ಕುರ್ರ್' ಎಂದು ಊದಿ ಹೆಸರು ಹೇಳುವವಳು ಸೋದರತ್ತೆ. ಅವಳು ಹೇಳುತ್ತಿರುವಾಗಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಕೊಟ್ರಮ್ಮ ಆ ಗುದ್ದಿಗಾಗಿ ಹನ್ನೆರಡು ವರ್ಷ ಕಾದಿದ್ದರು. ಊದಬೇಕಾದ ಹೆಸರು ತೀರಿಹೋದ ತಂದೆಯದು, ಬೊಮ್ಮಲಿಂಗಪ್ಪ. ತಮ್ಮನ ಹೆಂಡತಿಗೆಂದು ಮೊಳಕಾಲ್ಮೂರಿಗೆ ಹೋಗಿ, ನೇಯುವವರ ಮನೆಯಲ್ಲೇ ಕೂತು ಸೀರೆ ತಂದಿದ್ದರು. ಗುರುವಾರ ಸಂಜೆಯ ವಿಮಾನಕ್ಕೆ ಬೆಂಗಳೂರಿನಲ್ಲಿ ಗಂಡ ಹೆಂಡತಿ ಇಬ್ಬರೂ ಎರಡು ಗಂಟೆ ಮೊದಲೇ ಹೋಗಿ ಕೂತರು.

ಅಲ್ಲಿಯವರೆಗೂ ಎಲ್ಲ ಸರಿಯಿತ್ತು. ಕೊಟ್ರಮ್ಮ ನೀರು ಕುಡಿಯಲು ಎದ್ದುಹೋದರು.

ಕೊಟ್ರಮ್ಮ: ನೀರು ಕುಡ್ದು ಬರೋದ್ರಾಗೆ ನನ್ ಸೀಟು ದಾನ ಆಗೋಗೈತೆ ಮೇಷ್ಟ್ರೇ. ಒಂದು ಲೋಟ ನೀರಿಗೆ.

ಜಂಬುಲಿಂಗಪ್ಪ: ವಿಮಾನದೋರ ಕಡೆ ಹುಡುಗಿ ಬಂದು ಕೈಮುಗಿದು ಕೇಳಿದ್ಳು ಮೇಷ್ಟ್ರೇ. ಸೀಟಿಗಿಂತ ಜನ ಜಾಸ್ತಿ ಆಗವ್ರೆ, ಯಾರಾದ್ರೂ ಮನಸ್ಸು ಮಾಡಿ ಎರಡು ಸೀಟು ಬಿಟ್ಟುಕೊಡ್ರಿ ಸರ್ ಅಂತ. ಅಷ್ಟು ಜನದಾಗೆ ಒಬ್ಬನೂ ಕೈ ಎತ್ಲಿಲ್ಲ. ನಾನು ಎತ್ದೆ.

ಕೊಟ್ರಮ್ಮ: 'ಸರ್' ಅಂದ್ಳಲ್ಲ, ಅದಕ್ಕೆ ಎತ್ತಿದ್ರಿ. ಪರಶುರಾಂಪುರದ ಬಸ್ನಾಗೆ ತುಂಬಿದ ಬಸುರಿ ಬಂದು ಪಕ್ಕದಾಗೆ ನಿಂತ್ರೂ ಕಣ್ಮುಚ್ಚಿ ಗೊರಕೆ ಹೊಡೀತಿದ್ರಿ. ಅವಾಗ ಈ ಕೈ ಎಲ್ಲಿತ್ತು?

ಜಂಬುಲಿಂಗಪ್ಪನವರು ನನ್ನ ಕಡೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ. ಆ ಬಸ್ಸಿನಲ್ಲಿ ಅವರ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದವನು ನಾನೇ.

ಎರಡು ಸೀಟು ಕೊಟ್ಟರೆ ತಾವು ದೆಹಲಿ ಮುಟ್ಟುವುದು ಹೇಗೆಂದು ಆಗ ಹೊಳೆಯಲಿಲ್ಲವೇ ಎಂದು ಕೇಳಿದೆ. ಅವರು ಕಾಲಿನ ಹೆಬ್ಬೆರಳು ನೋಡಿಕೊಂಡರು. ಕೊಟ್ರಮ್ಮ ಬಾಯಿ ಬಿಡಿಸಿದರು.

ಕೊಟ್ರಮ್ಮ: ಹೇಳ್ರಿ. ಮೇಷ್ಟ್ರು ಓದಿದೋರು, ಅವ್ರಿಗೂ ತಿಳೀಲಿ.

ಜಂಬುಲಿಂಗಪ್ಪ: ನಿಂತ್ಕಂಡು ಹೋದ್ರಾಯ್ತು ಅಂದ್ಕಂಡೆ.

ರೇಣುಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಜಂಬುಲಿಂಗಪ್ಪ: ನಗೋದೇನೈತಮ್ಮ ಅದ್ರಾಗೆ? ನಲವತ್ತು ವರ್ಷದಿಂದ ಬಸ್ಸು ಹತ್ತೀನಿ. ಸೀಟು ಬಿಟ್ಟುಕೊಟ್ಟೋನ್ನ ಕೆಳಗೆ ಇಳಿಸಿ ಹೋಗಿದ್ದನ್ನ ನಾನೆಲ್ಲೂ ನೋಡಿಲ್ಲ. ಮೇಲಗಡೆ ಹಿಡ್ಕಳಾಕೆ ಏನಾರ ಇರ್ತೈತೆ. ನಡುವೆ ಹೈದ್ರಾಬಾದ್ನಾಗೆ ನಾಕು ಜನ ಇಳೀತಾರೆ, ಕೂತ್ಕಂಡ್ರಾಯ್ತು ಅಂತ ಲೆಕ್ಕ ಹಾಕ್ದೆ.

ಕೊಟ್ರಮ್ಮ: ಹಾಕಿದ್ದಷ್ಟೇ ಅಲ್ಲ ಮೇಷ್ಟ್ರೇ. ಡ್ರೈವರ್ ಪಕ್ಕದಾಗೆ ಬಾನೆಟ್ ಮ್ಯಾಲೆ ನಮ್ಮ ಹೆಂಗಸ್ರನ್ನ ಕೂರಿಸ್ಕಳ್ರಿ ಅಂತ ಆ ಹುಡುಗೀಗೆ ಹೇಳವ್ರೆ. ಆ ಹುಡುಗಿ ನನ್ನ ಮೊಕ ನೋಡ್ತು. ನಾನು ಯಾವ ಮೊಕ ಇಟ್ಕಂಡು ನಿಂತ್ಕಳ್ಳಿ?

ಇಂಥ ಮನುಷ್ಯನಿಗೆ ನ್ಯಾಯ ಹೇಳಲು ನಾನು ಭಾನುವಾರದ ಪೇಪರ್ ಬಿಟ್ಟು ಬಂದಿದ್ದೆ. ವಿಮಾನ ಕಣ್ಣೆದುರಿಗೇ ಹೋಯಿತಂತೆ. ನಾಳೆ ಮಧ್ಯಾಹ್ನದ ವಿಮಾನಕ್ಕೆ ಕಳಿಸುತ್ತೇವೆ ಎಂದು ವಿಮಾನದವರು ಅಂದರಂತೆ. ಬೆಳಿಗ್ಗೆ ನಾಮಕರಣ, ಮಧ್ಯಾಹ್ನ ಹೋಗಿ ಎಂಜಲೆಲೆ ಎತ್ತಲೇ ಎಂದು ಕೊಟ್ರಮ್ಮ ಒಲ್ಲೆನೆಂದರು. ಆಮೇಲೆ ಒಂದು ದೊಡ್ಡ ಹೋಟೆಲಿನಲ್ಲಿ ಊಟ ಹಾಕಿಸಿ, ಒಂದು ವರ್ಷದೊಳಗೆ ಯಾರ ಹೆಸರಿಗೆ ಬೇಕಾದರೂ ಬರೆಸಿಕೊಳ್ಳಬಹುದಾದ ಎರಡು ಪುಕ್ಕಟೆ ಟಿಕೆಟ್ ಕೈಗಿಟ್ಟರು. ಆ ಊಟದ ವಿಚಾರ ಹೇಳುವಾಗ ಮಾತ್ರ ಜಂಬುಲಿಂಗಪ್ಪನವರ ಮುಖ ಅರಳಿತು. ಐಸ್‌ಕ್ರೀಂ ಎರಡು ಸಲ ಕೊಟ್ಟರಂತೆ. ಕೊಟ್ರಮ್ಮ ಆ ಹೊತ್ತು ಒಂದು ತುತ್ತು ಮುಟ್ಟಿರಲಿಲ್ಲ. ಅದನ್ನು ಜಂಬುಲಿಂಗಪ್ಪನವರು ಹೇಳಲೇ ಇಲ್ಲ. ಹೆಂಡತಿಯ ಪಾಲಿನದನ್ನೂ ತಾವೇ ತಿಂದಿದ್ದನ್ನು ಮರೆಯದೆ ಹೇಳಿದರು.

ತಮ್ಮನಿಗೆ ನಿಜ ಹೇಳಲು ಕೊಟ್ರಮ್ಮನಿಗೆ ನಾಚಿಕೆ. ವಿಮಾನ ತಪ್ಪಿತು ಎಂದಷ್ಟೇ ಹೇಳಿ ಫೋನಿಟ್ಟಿದ್ದರು.

ಜಂಬುಲಿಂಗಪ್ಪ: ಹೆಸರು ಯಾರು ಊದಿದ್ರೇನೇ? ಮಗೂಗೆ ಅವೆಲ್ಲ ಗೊತ್ತಾಗ್ತೈತಾ?

ಕೊಟ್ರಮ್ಮ: ಮಗೂಗೆ ಗೊತ್ತಾಗಲ್ಲ. ನನಗೆ ಗೊತ್ತಾಗ್ತೈತೆ. ನಮ್ಮಪ್ಪ ಸಾಯೋವಾಗ ಕೈ ಹಿಡ್ಕಂಡು ಕೇಳಿದ್ದು ಅದೊಂದೇ.

ಜಂಬುಲಿಂಗಪ್ಪನವರಿಗೂ ಸ್ವಲ್ಪ ತಟ್ಟಿರಬೇಕು, ಹೆಗಲ ಮೇಲಿನ ಟವೆಲ್ ತೆಗೆದು ಮತ್ತೆ ಹಾಕಿಕೊಂಡರು.

ಅಷ್ಟರಲ್ಲಿ ಫೋನ್ ಬಂತು. ಮುರುಗೇಶನೇ. ಕೊಟ್ರಮ್ಮ ಬಹಳ ಹೊತ್ತು ಹೂಂಗುಟ್ಟಿದರು. ಇಟ್ಟಮೇಲೆ ಅವರು ಹೇಳಿದ್ದು ಇದು: ಅಕ್ಕ ಬರಲಿಲ್ಲವೆಂದು ಮುರುಗೇಶ ಮುಹೂರ್ತವನ್ನೇ ಮುಂದಕ್ಕೆ ಹಾಕಲು ಹೊರಟಿದ್ದನಂತೆ. ಆದರೆ ಅವನ ಹೆಂಡತಿಯ ಚಿಕ್ಕಮ್ಮ ಗಂಗಾಂಬಿಕಾ, ದಾವಣಗೆರೆಯಾಕೆ, ಹಿಂದಿನ ರಾತ್ರಿಯೇ ಗಂಡನ ಜೊತೆ ಬಂದಿಳಿದಿದ್ದಳು. ಸೋದರತ್ತೆ ಇಲ್ಲದಿದ್ದರೇನು, ನಾನಿಲ್ಲವೇ ಎಂದು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು, ತನಗೆ ಬೇಕಾದ ಹೆಸರನ್ನು ಊದಿಬಿಟ್ಟಳು. ಮಗು ಈಗ ಸೋಹನ್.

ಕೊಟ್ರಮ್ಮ: ಆಕೆಗೆ ಬೆಂಗಳೂರಾಗೆ ಟಿಕೆಟ್ ಇದ್ರೂ ಸೀಟು ಸಿಕ್ಕಿರ್ಲಿಲ್ವಂತೆ. ಗಂಡ ಹೆಂಡ್ತಿ ವಾಪಸ್ ಹೊರಟಿದ್ರಂತೆ. ಅಷ್ಟ್ರಾಗೆ ಯಾರೋ ಪುಣ್ಯಾತ್ಮ ಎದ್ದು ಎರಡು ಸೀಟು ಬಿಟ್ಟುಕೊಟ್ಟನಂತೆ.

ನಾನು ಜಂಬುಲಿಂಗಪ್ಪನವರ ಮುಖ ನೋಡಬಾರದೆಂದುಕೊಂಡೆ. ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು.

ಕೊಟ್ರಮ್ಮ: ಕೊಟ್ಟೋನು ಕೋಡಂಗಿ, ಇಸ್ಕಂಡೋನು ಈರಭದ್ರ. ದೊಡ್ಡೋರು ಸುಮ್ನೆ ಹೇಳಿಲ್ಲ.

ಜಂಬುಲಿಂಗಪ್ಪ: ಪುಣ್ಯಾತ್ಮ ಅಂದ್ರಲ್ಲ, ಅದನ್ನೂ ಸ್ವಲ್ಪ ಲೆಕ್ಕಕ್ಕೆ ತಗಾ.

ಕೊಟ್ರಮ್ಮ ಎದ್ದು ಒಳಗೆ ಹೋದರು. ಬೀರು ತೆರೆದ ಸದ್ದಾಯಿತು. ಎರಡು ಟಿಕೆಟ್ ಹಿಡಿದು ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಗಟ್ಟಿಯಿತ್ತು.

ಕೊಟ್ರಮ್ಮ: ಮಗೂಗೆ ಕಿವಿ ಎರಡವೆ. ಒಂದ್ರಾಗೆ ಆಯಮ್ಮ ಊದೈತೆ. ಇನ್ನೊಂದ್ರಾಗೆ ನಾನು ನಮ್ಮಪ್ಪನ ಹೆಸರು ಊದಿ ಬರ್ತೀನಿ. ಮುರುಗೇಶಂಗೆ ಹೇಳ್ತೀನಿ, ಬುಧವಾರ ಹೊರಡೋದು.

ಜಂಬುಲಿಂಗಪ್ಪನವರಿಗೆ ಹೋದ ಜೀವ ಬಂತು. ತಾವು ಎರಡು ಟಿಕೆಟ್ ಇಸಿದುಕೊಂಡಿದ್ದರ ದೂರದೃಷ್ಟಿ ಈಗಲಾದರೂ ತಿಳಿಯಿತಲ್ಲ ಎಂದು ನನ್ನ ಕಡೆ ತಿರುಗಿ ಹೇಳಿ, ದೆಹಲಿಯಲ್ಲಿ ಚಳಿ ಇರುತ್ತೆ, ನನ್ನ ಉಲ್ಲನ್ ಕೋಟು ಬಿಸಿಲಿಗೆ ಹಾಕು ಎಂದು ಹೆಂಡತಿಗೆ ಅಪ್ಪಣೆ ಮಾಡಿದರು.

ಕೊಟ್ರಮ್ಮ ಒಂದು ಟಿಕೆಟನ್ನು ರೇಣುಕಮ್ಮನ ಕೈಗೆ ಕೊಟ್ಟರು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಎದ್ದಳು. ಬುಧವಾರದಿಂದ ನಾಲ್ಕು ದಿನ ಸ್ಕೂಲಿಗೆ ರಜೆ ಹಾಕಬೇಕೆಂದೂ, ನಮ್ಮ ಎಮ್ಮೆ ಹಾಲು ಕರೆಯಲು ಹೊಸಬರು ಮುಟ್ಟಿದರೆ ಒದೆಯುತ್ತದೆಂದೂ ನನಗೆ ತಿಳಿಸಿ ಮನೆಗೆ ಹೋದಳು. ನಾನು ನ್ಯಾಯ ಹೇಳಲು ಬಂದವನು.

ಜಂಬುಲಿಂಗಪ್ಪ: ನನ್ ಸೀಟು ಕಣೇ ಅದು. ಕೊಡೋಕ್ ಮುಂಚೆ ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?

ಕೊಟ್ರಮ್ಮ: ಕೇಳ್ಬೋದಿತ್ತು. ಕೇಳಿದ್ರೆ ನೀವು ಬರ್ತೀನಿ ಅಂತಿದ್ರಿ.