ದುರ್ಗವ್ವಜ್ಜಿಯ ಹೆಪ್ಪು

ಶಿವರಾಜನ ಆ ದಿನದ ಕಷ್ಟಕ್ಕೆಲ್ಲ ಕಾರಣ, ಉಪ್ಪಿಟ್ಟಿನೊಳಗೆ ಅಡಗಿ ಕೂತಿದ್ದ ಒಂದು ಹಸಿಮೆಣಸಿನಕಾಯಿ. ಬೀನ್ಸ್ ಇರಬೇಕೆಂದು ಅಗಿದುಬಿಟ್ಟ. ಕಿವಿಯೊಳಗೆ ಕುಕ್ಕರ್ ಕೂಗಿದ ಹಾಗಾಯಿತು. ನೀರು ಕುಡಿದರೆ ಉರಿ ಇನ್ನಷ್ಟು ಏರಿತು. ಫ್ರಿಜ್ ತೆರೆದು, ಎದುರಿಗೆ ಕಂಡ ಗಾಜಿನ ಬಾಟಲಿ ಎತ್ತಿ, ಒಳಗಿದ್ದ ಮೊಸರನ್ನು ಗಟಗಟ ಮುಗಿಸಿದ. ಬಾಟಲಿ ಕೆಳಗಿಟ್ಟ ಮೇಲೆ ಅದಕ್ಕೆ ಅಂಟಿಸಿದ್ದ ಚೀಟಿ ಕಣ್ಣಿಗೆ ಬಿತ್ತು: ‘ಸಂಶೋಧನೆಗೆ. ಮುಟ್ಟಬಾರದು.’

ಉರಿ ಇಳಿಯಿತು. ಬೆವರು ಶುರುವಾಯಿತು.

ಹೆಂಡತಿ ಶೈಲಜಾ ಪಿಎಚ್.ಡಿ. ಮಾಡುತ್ತಿದ್ದಳು. ಅವಳ ವಿಷಯ, ಮನೆಯ ಹೆಪ್ಪು. ಹಾವೇರಿ ಕಡೆಯ ಹಳ್ಳಿಯಲ್ಲಿ ಶಿವರಾಜನ ಮುತ್ತಜ್ಜಿ ದುರ್ಗವ್ವ ಹಾಕಿದ ಹೆಪ್ಪು ಅತ್ತೆಯಿಂದ ಸೊಸೆಗೆ ದಾಟುತ್ತಾ ಬೇಗೂರಿನ ಈ ಬಾಡಿಗೆ ಮನೆಯವರೆಗೆ ಬಂದಿತ್ತು. ಅದರೊಳಗಿನ ಜೀವಾಣುಗಳೇ ಬೇರೆ ಎಂದು ತೋರಿಸಲು ಶೈಲಜಾ ವರ್ಷಗಟ್ಟಲೆ ಒದ್ದಾಡಿದ್ದಳು. ಒಗ್ಗರಣೆ ಹಾಕುತ್ತಲೇ ಲೇಖನ ಓದುವಳು. ಪುಟ ತಿರುವಲು ಸೌಟು ಬಳಸಿದ್ದೂ ಉಂಟು. ಹೆಪ್ಪು ಪ್ರಯೋಗಾಲಯ ಸೇರಿದ ಮೇಲೆ ಮನೆಯಲ್ಲಿ ಮೊಸರು ಮಾಡುವುದೇ ನಿಂತಿತ್ತು. ಇವತ್ತು ಸಂಜೆ ಅವಳ ಗೈಡ್ ಮೇಡಂ ಮನೆಗೇ ಬಂದು, ಮಾದರಿ ತೆಗೆದುಕೊಂಡು ಹೈದರಾಬಾದಿನ ರೈಲು ಹತ್ತುವವರಿದ್ದರು. ಇದು ತಪ್ಪಿದರೆ ಅಲ್ಲಿನ ಯಂತ್ರದ ಸರದಿ ಸಿಗುವುದು ಇನ್ನು ಮುಂದಿನ ವರ್ಷವೇ.

ಪೇಪರ್ ಇಸಿದುಕೊಳ್ಳಲು ಬಂದ ಎದುರುಮನೆಯ ವಿಶ್ವನಾಥ್, ಖಾಲಿ ಬಾಟಲಿಯನ್ನೂ ಶಿವರಾಜನ ಮುಖವನ್ನೂ ನೋಡಿ ವಿಷಯ ತಿಳಿದುಕೊಂಡರು. ನಿವೃತ್ತರಾದ ಮೇಲೆ ಊರಿನವರ ತೊಂದರೆಗಳೇ ಅವರ ಉದ್ಯೋಗ.

"ಇಷ್ಟಕ್ಕೆಲ್ಲ ಯಾಕ್ರೀ ತಲೆ ಕೆಡಿಸ್ಕೊಳ್ತೀರಾ? ಕೃಷ್ಣನ ಅಂಗಡೀಲಿ ಒಂದು ಪ್ಯಾಕೆಟ್ ಮೊಸರು ತಂದು ಸುರಿದುಬಿಡಿ. ಬ್ಯಾಕ್ಟೀರಿಯಾ ಮುಖ ನೋಡಿ ಯಾರು ಗುರುತು ಹಿಡೀತಾರೆ?"

"ಬೇಡ ಸಾರ್. ಅವಳ ಅಷ್ಟು ವರ್ಷದ ಶ್ರಮ. ಮೋಸ ಮಾಡಿದ್ರೆ ಮುಖ ಹೇಗೆ ತೋರಿಸ್ಲಿ?"

"ನೀವು ಒಳ್ಳೇವ್ರು. ಅದಕ್ಕೇ ನಿಮಗೆ ಹಿಂಗಾಗೋದು," ಎಂದು ಹೇಳಿ ವಿಶ್ವನಾಥ್ ಕೂತೇಬಿಟ್ಟರು.

ಅಷ್ಟರಲ್ಲಿ ಆಫೀಸಿನ ಮೀಟಿಂಗ್ ಶುರುವಾಯಿತು. ಸೋಮವಾರ ಶಿವರಾಜನಿಗೆ ಮನೆಯಿಂದಲೇ ಕೆಲಸ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತ ಮ್ಯಾನೇಜರ್ ಪ್ರಸನ್ನ ಇಯರ್‌ಫೋನಿನಲ್ಲಿ ಕೇಳಿದ: "ಶಿವರಾಜ್, ನಮ್ಮ ಟೀಮ್ ಕಲ್ಚರ್ ಬಗ್ಗೆ ನೀವೊಂದ್ ಮಾತು ಹೇಳಿ."

ಶೈಲಜಾ ಅಜ್ಜಿಯ ಹೆಪ್ಪನ್ನು ಕಲ್ಚರ್ ಎಂದೇ ಕರೆಯುತ್ತಿದ್ದಳು. ಶಿವರಾಜನ ತಲೆಯಲ್ಲಿ ಇದ್ದದ್ದೂ ಅದೇ. "ಕಲ್ಚರ್ ಎಲ್ಲಾ ಖಾಲಿ ಆಗೋಯ್ತು ಸಾರ್," ಎಂದ ನಡುಗುವ ದನಿಯಲ್ಲಿ. "ಒಂದ್ ತೊಟ್ಟೂ ಉಳಿದಿಲ್ಲ. ನಾನೇ ಮುಗಿಸ್ಬಿಟ್ಟೆ."

ಮೀಟಿಂಗಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಶಿವರಾಜ್ ಮೈಕ್ ಬಂದ್ ಮಾಡಿ ಊರಿಗೆ, ತಾಯಿ ಸಿದ್ದಮ್ಮನಿಗೆ ಫೋನ್ ಹಚ್ಚಿದ.

"ಬಾಟ್ಲಿಗೇ ಬಾಯಿ ಹಚ್ಚಿ ಕುಡದ್ಯೇನೋ?" ಸಿದ್ದಮ್ಮನಿಗೆ ಮೊದಲು ಬೇಸರವಾದದ್ದು ಅದಕ್ಕೆ. "ಇರ್ಲಿ, ಅಳಬ್ಯಾಡ. ಯುಗಾದಿಗೆ ಬಂದಾಗ ಕೆಳಗಿನ ರಾಮಮ್ಮಗ ನಾನ ಹೆಪ್ಪು ಕೊಟ್ಟೇನಿ. ಆಕಿ ದಿನಾ ಹಾಕ್ತಾಳ. ದೀಪ ಹಚ್ಚೂದ್ರಾಗ ಹೋಗಿ ಇಸ್ಕೋ. ಹಚ್ಚಿದ ಮ್ಯಾಲ ಹಾಲು ಮೊಸರು ಯಾರೂ ಹೊರಗ ಕೊಡಂಗಿಲ್ಲ ನೋಡು."

ಶಿವರಾಜ್ ಬಾಟಲಿ ತೊಳೆದು ಒರೆಸಿ, ಇಯರ್‌ಫೋನ್ ಸಮೇತ ಮೆಟ್ಟಿಲಿಳಿದು ಓಡಿದ. ರಾಮಮ್ಮ ಕಟ್ಟಡದ ಮಾಲೀಕರ ತಾಯಿ. ಬೇಗೂರು ಹಳ್ಳಿಯಾಗಿದ್ದಾಗಿನಿಂದ ಅಲ್ಲಿಯೇ ಇದ್ದವರು. ಕಾರ್ತಿಕ ಸೋಮವಾರವಾದ್ದರಿಂದ ಸಂಜೆ ಅವರ ಮನೆಯಲ್ಲಿ ಭಜನೆ. ಅಡಿಗೆಮನೆಯ ಮಣೆಯ ಮೇಲೆ ಮೊಸರನ್ನಕ್ಕೆಂದು ದೊಡ್ಡ ಡಬರಿ ತುಂಬ ಮೊಸರು.

"ಏನ್ ಸಿವರಾಜು, ಇಂಗೆ ಬೆವ್ತಿದ್ದೀಯ?"

"ಅಮ್ಮಾ, ನಮ್ಮವ್ವ ಕೊಟ್ಟ ಹೆಪ್ಪು ಇನ್ನೂ ಇದೆಯಾ?"

"ಇಲ್ದೆ ಏನು! ಒಂದ್ ದಿನಾನೂ ಬುಟ್ಟಿಲ್ಲ. ನೋಡು, ಕಲ್ಲಿದ್ದಂಗೆ ಬಂದದೆ ಮೊಸರು. ಬಗ್ಗಿ ತುಂಬ್ಕೊ."

ಶಿವರಾಜನಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಬಗ್ಗಿದ. ಸರಿಯಾಗಿ ಆಗಲೇ ಕಿವಿಯೊಳಗೆ ಪ್ರಸನ್ನ ಗುಡುಗಿದ: "ಶಿವರಾಜ್! ಕ್ಯಾಮೆರಾ ಆನ್ ಮಾಡಿ!"

ಶಿವರಾಜ್ ಮೇಷ್ಟ್ರನ್ನು ಕಂಡ ಹುಡುಗನಂತೆ ನೆಟ್ಟಗೆ ನಿಂತ. ಮೊಣಕೈ ಡಬರಿಗೆ ತಗುಲಿತು. ಡಬರಿ ಮಗುಚಿತು. ಮೊಸರು ಮದುವೆ ಮೆರವಣಿಗೆಯ ಗತ್ತಿನಲ್ಲಿ, ಯಾವ ಅವಸರವೂ ಇಲ್ಲದೆ, ಬಚ್ಚಲಿನ ಕಡೆ ಹೊರಟಿತು.

ತಳದಲ್ಲಿ ಉಳಿದದ್ದನ್ನು ಕೆರೆದು ಬಳಿದರೆ ಒಂದು ಬಾಟಲಿ ತುಂಬಿತು. ರಾಮಮ್ಮ ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಬುಡು ಮಗಾ," ಎಂದರು ನೆಲ ನೋಡುತ್ತಾ. "ಆದ್ರೆ ಬಜ್ನೆಯೋರಿಗೆ ಏನ್ ಕಲ್ಸಿ ಕೊಡ್ಲಪ್ಪ?"

ಶಿವರಾಜ್ ಕೃಷ್ಣನ ಅಂಗಡಿಗೆ ಓಡಿದ. "ಇರೋ ಮೊಸರಿನ ಪ್ಯಾಕೆಟ್ ಎಲ್ಲಾ ಕೊಡು ಗುರು."

"ಎಲ್ಲಾನೂವಾ? ಹೋಟ್ಲು ಏನಾರ ಇಟ್ರಾ ಸಾರ್?" ಎನ್ನುತ್ತಾ ಕೃಷ್ಣ ಪೆಟ್ಟಿಗೆಯನ್ನೇ ಬೋರಲು ಹಾಕಿದ. ಪ್ಯಾಕೆಟ್ಟುಗಳನ್ನು ರಾಮಮ್ಮನಿಗೆ ಒಪ್ಪಿಸಿ, ನೆಲವನ್ನೂ ಒರೆಸಿಕೊಟ್ಟು, ಬಾಟಲಿಯನ್ನು ಕೂಸಿನಂತೆ ಎದೆಗವಚಿಕೊಂಡು ಶಿವರಾಜ್ ಮನೆಗೆ ಬಂದ. ಬಾಟಲಿ ಫ್ರಿಜ್ಜಿನ ಅದೇ ಜಾಗದಲ್ಲಿ ಕೂತಿತು. ಮೋಸವಿಲ್ಲ, ಸುಳ್ಳಿಲ್ಲ, ದುರ್ಗವ್ವಜ್ಜಿಯದೇ ಹೆಪ್ಪು. ಬಹಳ ದಿನಗಳ ಮೇಲೆ ಅವನಿಗೆ ತನ್ನ ಬಗ್ಗೆ ಒಂದಿಷ್ಟು ಗೌರವ ಮೂಡಿತು.

ಸಂಜೆ ಶೈಲಜಾ ಬಂದಳು. ಬ್ಯಾಗಿನಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಫ್ರಿಜ್ಜಿನ ಬಾಟಲಿಯನ್ನೂ ತಂದು ಪಕ್ಕದಲ್ಲಿಟ್ಟು, ಮುಚ್ಚಳ ತೆರೆದು ಮೂಸಿದಳು.

"ರೀ, ಇದ್ಯಾಕೆ ಇಷ್ಟು ಗಟ್ಟಿ ಇದೆ? ಘಮಘಮ ಅಂತಿದೆ?"

ಶಿವರಾಜನಿಗೆ ತಡೆಯಲಾಗಲಿಲ್ಲ. ಮೆಣಸಿನಕಾಯಿಯಿಂದ ಹಿಡಿದು ಡಬರಿಯವರೆಗೆ ಎಲ್ಲವನ್ನೂ ಹೇಳಿದ. "ವಿಶ್ವನಾಥ್ ಸಾರು ಪ್ಯಾಕೆಟ್ ಮೊಸರು ಸುರೀರಿ ಅಂದ್ರು. ನಾನು ಒಪ್ಲಿಲ್ಲ, ಶೈಲೂ," ಎಂದು ಮುಗಿಸಿದ.

ಶೈಲಜಾ ಮೆಲ್ಲಗೆ ಕುರ್ಚಿಯಲ್ಲಿ ಕೂತಳು.

"ರೀ... ನೀವು ಕುಡಿದಿದ್ದು ಪ್ಯಾಕೆಟ್ ಮೊಸರೇ ಆಗಿತ್ತು. ಅಜ್ಜಿ ಹೆಪ್ಪು ನನ್ ಬ್ಯಾಗಲ್ಲಿತ್ತು. ಅಂಗಡಿ ಮೊಸರಿನ ಜೊತೆ ಹೋಲಿಸ್ಬೇಕಲ್ಲ, ಅದಕ್ಕೇ ಬೆಳಿಗ್ಗೆ ಕೃಷ್ಣನ ಅಂಗಡಿಯಿಂದ ತಂದು ಸುರಿದಿಟ್ಟಿದ್ದೆ. ಈಗ ಎರಡರಲ್ಲೂ ನಿಮ್ಮಜ್ಜಿನೇ ಕೂತಿದಾರೆ!"

ಶಿವರಾಜನ ಮುಖ ಅರಳಿತು. "ಅಷ್ಟೇ ತಾನೆ! ಒಂದು ಪ್ಯಾಕೆಟ್ ತಂದ್ರಾಯ್ತು."

"ಬೇರೆ ಅಂಗಡೀದು ಆಗಲ್ಲ. ಕೃಷ್ಣನ ಅಂಗಡೀದು, ಇವತ್ತು ಬಂದಿರೋ ಪ್ಯಾಕೆಟ್ಟೇ ಬೇಕು, ಅದರ ಬ್ಯಾಚ್ ನಂಬರನ್ನೇ ಫಾರಂನಲ್ಲಿ ಬರೆದು ಕಳಿಸಿದೀನಿ. ಮೇಡಂ ಬೇಗೂರು ಕೆರೆ ದಾಟಿದಾರಂತೆ, ಓಡಿ!"

ಓಡಿದ. ಕೃಷ್ಣ ಖಾಲಿ ಪೆಟ್ಟಿಗೆ ತೋರಿಸಿದ. "ನೀವೇ ಗುಡಿಸ್ಕೊಂಡು ಹೋದ್ರಲ್ಲ ಸಾರ್."

ರಾಮಮ್ಮನ ಮನೆಯ ಹೊಸ್ತಿಲಿನ ಎರಡೂ ಬದಿ ದೀಪ ಉರಿಯುತ್ತಿತ್ತು. ಒಳಗೆ ಭಜನೆ ಮುಗಿದು, ಎಲೆಯ ಮೇಲೆ ಮೊಸರನ್ನ ಬೀಳುತ್ತಿತ್ತು. ಅಡಿಗೆಕಟ್ಟೆಯ ಮೇಲೆ ಒಂದು ಪ್ಯಾಕೆಟ್, ಒಂದೇ ಒಂದು, ಒಡೆಯದೆ ಉಳಿದಿತ್ತು.

"ಅಮ್ಮಾ, ಆ ಪ್ಯಾಕೆಟ್ ಕೊಡ್ತೀರಾ? ತುಂಬಾ ಅರ್ಜೆಂಟು."

"ದೀಪ ಅಚ್ಚಾಯ್ತಲ್ಲ ಮಗಾ. ಈಗ ಮೊಸ್ರು ಆಚೆ ಕೊಡಾಕಿಲ್ಲ. ಇಲ್ಲೇ ಕುಂತ್ಕೊಂಡು ಎಷ್ಟು ಬೇಕಾದ್ರೂ ತಿನ್ನು, ಬಾ."

ಬೆಳಿಗ್ಗೆ ಡಬರಿ ಮಗುಚಿದವನು ಪ್ರಸಾದ ಬೇಡವೆನ್ನುವುದು ಹೇಗೆ? ಎರಡು ತುತ್ತು ತಿಂದು, ಅವರ ಮನಸ್ಸು ಕರಗಿಸಿ, ಪ್ಯಾಕೆಟ್ ಕೇಳೋಣವೆಂದು ಶಿವರಾಜ್ ಕೂತ. ಕಣ್ಣು ಪ್ಯಾಕೆಟ್ಟಿನ ಮೇಲೆ, ಕೈ ಎಲೆಯ ಮೇಲೆ. ನೋಡದೆ ಬಾಯಿಗಿಟ್ಟುಕೊಂಡದ್ದು ಕರಿದ ಬಾಳಕದ ಮೆಣಸಿನಕಾಯಿ.

ಕುಕ್ಕರ್ ಮತ್ತೆ ಕೂಗಿತು. ಕಣ್ಣಲ್ಲಿ ನೀರು ಸುರಿಯಿತು, ಮಾತು ಹೊರಡಲಿಲ್ಲ.

"ಅಯ್ಯೋ ನನ್ ಕಂದಾ!" ರಾಮಮ್ಮ ಓಡಿಬಂದು ಅವನ ಬೆನ್ನು ನೀವಿದರು. ತುಂಬಿದ ಲೋಟವೊಂದನ್ನು ಬಾಯಿಗಿಟ್ಟರು. ಶಿವರಾಜ್ ಕಣ್ಣು ಮುಚ್ಚಿಕೊಂಡು ಗಟಗಟ ಕುಡಿದ. ತಣ್ಣಗಾಯಿತು. ಕಣ್ಣು ತೆರೆದ. ರಾಮಮ್ಮನ ಕೈಯಲ್ಲಿ, ಮೂಲೆ ಕತ್ತರಿಸಿದ ಪ್ಯಾಕೆಟ್ ಚಪ್ಪಟೆಯಾಗಿ ನೇತಾಡುತ್ತಿತ್ತು.

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

"ಮೇಡಂ ಬಂದ್ರು. ಸಿಕ್ತೇನ್ರೀ?" ಶೈಲಜಾ ಪಿಸುಗುಟ್ಟಿದಳು.

ಶಿವರಾಜ್ ಮೀಸೆಗೆ ಅಂಟಿದ್ದ ಮೊಸರು ಒರೆಸಿಕೊಂಡ.

"ಸಿಕ್ತು, ಶೈಲೂ," ಎಂದ.