ಸಂಕೋಚದ ತುಂಡು

ಕರಿದ ಕೋಳಿಯ ಒಂದೇ ಒಂದು ತುಂಡು ತಟ್ಟೆಯಲ್ಲಿ ಉಳಿದದ್ದೇ ನೆಗಿಶಿಯ ತಾಪತ್ರಯಕ್ಕೆಲ್ಲ ಮೂಲ. ಹೀಗೆ ಉಳಿಯುವುದಕ್ಕೆ ನಮ್ಮ ಒಸಾಕಾದಲ್ಲಿ ಸಂಕೋಚದ ತುಂಡು ಎಂದು ಹೆಸರೇ ಇದೆ. ಎಲ್ಲರ ಕಣ್ಣೂ ಅದರ ಮೇಲೆ, ಆದರೆ ಯಾರೂ ಕೈ ಹಾಕುವುದಿಲ್ಲ.

ಎಂಟು ಗಂಟೆಗೆ ನೆಗಿಶಿ ಮನೆಯಲ್ಲಿರಬೇಕಿತ್ತು. ಮದುವೆಯಾದ ಮೇಲೆ ಮೊದಲ ಸಲ ಅತ್ತೆ ನಗೋಯಾದಿಂದ ಬರುವವರಿದ್ದರು. "ಇವತ್ತೂ ಕುಡ್ದು ತಡವಾಗಿ ಬಂದ್ರೆ ನೋಡ್ಕೊಳ್ಳಿ, ನಾನೂ ಅಮ್ಮನ ಜೊತೆ ಊರಿಗೆ ಹೊರಟೆ" ಎಂದು ಹೆಂಡತಿ ಬೆಳಗ್ಗೆಯೇ ಹೇಳಿದ್ದಳು. ಅವಳು ಹೇಳಿದರೆ ಮುಗಿಯಿತು, ಮಾಡಿಯೇ ತೀರುವವಳು.

ಆದರೆ ಆಫೀಸು ಬಿಡುವ ಹೊತ್ತಿಗೆ ಸೆಕ್ಷನ್ ಮುಖ್ಯಸ್ಥ ಉಚಿಬೋರಿ ಸಾಹೇಬರು, "ಒಂದೇ ಒಂದು ಗ್ಲಾಸು, ಬನ್ರಯ್ಯಾ" ಎಂದು ಎಲ್ಲರನ್ನೂ ತೆನ್ಮಾ ಗಲ್ಲಿಯ ಈ ಇಜಾಕಾಯಾ ಎಂಬ ಕುಡಿತದ ಹೋಟೆಲಿಗೆ ಎಳೆತಂದಿದ್ದರು. ಸಾಹೇಬರು ಏಳದೆ ಕೆಳಗಿನವರು ಏಳುವಂತಿಲ್ಲ. ತಟ್ಟೆಯಲ್ಲಿ ಚೂರು ಉಳಿದಿದ್ದರೆ ಸಾಹೇಬರು ಏಳುವವರಲ್ಲ. ಅಡುಗೆ ಮಾಡಿದವರಿಗೆ ಅವಮಾನವಾಗುತ್ತದಂತೆ.

"ಕಾಜಿಟಾನಿಯವ್ರೇ, ತಗೊಳ್ಳಿ, ಇನ್ನೂ ಗರಿಗರಿ ಇದೆ." ನೆಗಿಶಿ ತಟ್ಟೆ ತಳ್ಳಿದ.

"ಛೆ ಛೆ, ನೀವು ಚಿಕ್ಕ ವಯಸ್ಸಿನವ್ರು, ನೀವು ತಿನ್ನಿ." ಹಿರಿಯ ಗುಮಾಸ್ತ ಕಾಜಿಟಾನಿ ತಟ್ಟೆಯನ್ನು ಹಿಂದಕ್ಕೆ ತಳ್ಳಿ, ಜೊತೆಗೆ ಅವನ ಗ್ಲಾಸಿಗೂ ಬಿಯರ್ ತುಂಬಿಸಿದರು.

ಪಕ್ಕದಲ್ಲಿದ್ದ ಟೈಪಿಸ್ಟ್ ಮಿಝೊಗುಚಿ, "ನಂಗೆ ಡಯಟ್ಟಪ್ಪಾ" ಎಂದಳು. ಅಷ್ಟರಲ್ಲಿ ಅವಳು ನಾಲ್ಕು ತುಂಡು ಮುಗಿಸಿದ್ದಳು.

ಸಾಹೇಬರ ಎದುರು ಕೊನೆಯ ತುಂಡು ತಾನೇ ತಿನ್ನುವುದೆಂದರೆ ನಾಚಿಕೆಗೆಟ್ಟವನೆಂಬ ಹಣೆಪಟ್ಟಿ ಗ್ಯಾರಂಟಿ. ನೆಗಿಶಿ ಗಡಿಯಾರ ನೋಡಿದ. ಏಳು ದಾಟಿತ್ತು. ಕಾಲು ಮೇಜಿನ ಕೆಳಗೆ ತಾನಾಗಿಯೇ ಕುಣಿಯುತ್ತಿತ್ತು. ಅವನು ಹೋಟೆಲಿನ ಒಡತಿಗೆ ಗುಟ್ಟಾಗಿ ಸನ್ನೆ ಮಾಡಿದ.

"ಅಮ್ಮಾ, ತಟ್ಟೆ ತೆಗೀರಿ."

"ಅಯ್ಯೋ, ಇನ್ನೂ ಒಂದಿದೆಯಲ್ಲಪ್ಪಾ! ಇದೇನು ಪಾಪ ಮಾಡಿತ್ತು?" ಒಡತಿ ಇಡೀ ಗಲ್ಲಿಗೆ ಕೇಳುವಂತೆ ಕೂಗಿದಳು. ಸಾಹೇಬರು ಅವನನ್ನೇ ನೋಡಿದರು.

ಬೆವರು ಒರೆಸಿಕೊಂಡ ನೆಗಿಶಿಗೆ ಒಂದು ಉಪಾಯ ಹೊಳೆಯಿತು. ಚಾಪ್‌ಸ್ಟಿಕ್ಕಿನಿಂದ ತುಂಡನ್ನು ಎರಡು ಮಾಡಿದ. ಕಾಜಿಟಾನಿ ಒಂದನ್ನು ಬಾಯಿಗೆ ಹಾಕಿಕೊಂಡರು. ಉಳಿದದ್ದು ಮತ್ತೆ ಸಂಕೋಚದ ತುಂಡಾಯಿತು. ಅದನ್ನೂ ಸೀಳಿದ. ಡಯಟ್ಟಿನ ಮಿಝೊಗುಚಿ ಅರ್ಧ ತಿಂದಳು. ಮತ್ತೆ ಒಂದು ಉಳಿಯಿತು! ಹೀಗೆ ಸೀಳಿ ಸೀಳಿ ಕೋಳಿ ಕಡಲೆಕಾಳಿನಷ್ಟಾದರೂ ಒಂದು ಚೂರು ಮಾತ್ರ ತಟ್ಟೆ ಬಿಡಲೊಲ್ಲದು.

"ಇನ್ನೊಂದು ಬಾಟ್ಲಿ ತರ್ಸೋಣ್ವಾ?" ಎಂದರು ಸಾಹೇಬರು.

ನೆಗಿಶಿಯ ತಲೆ ಕೆಟ್ಟಿತು. ಮಾನ ಹೋದರೆ ಹೋಗಲಿ, ಹೆಂಡತಿ ಉಳಿಯಲಿ ಎಂದು ಆ ಚೂರನ್ನು ಗಬಕ್ಕನೆ ನುಂಗಿಬಿಟ್ಟ.

ಸಾಹೇಬರ ಮುಖ ಸಪ್ಪಗಾಯಿತು. ಅವರು ನಿಧಾನವಾಗಿ ಎದ್ದು ಬಾಗಿಲಲ್ಲಿ ಬಿಚ್ಚಿಟ್ಟಿದ್ದ ಬೂಟು ಹಾಕಿಕೊಂಡರು. ಕಾಜಿಟಾನಿ, ಮಿಝೊಗುಚಿ ತಲೆಬಾಗಿಸಿ ಹೊರಟೇಬಿಟ್ಟರು. ನೆಗಿಶಿಯೂ ಸ್ಟೇಷನ್ನಿನ ಕಡೆ ಓಡಬೇಕೆನ್ನುವಾಗ ತೋಳು ಬಿಗಿಯಾಗಿ ಸಿಕ್ಕಿಕೊಂಡಿತು.

"ಎಂಥ ಕೆಲ್ಸ ಮಾಡ್ಬಿಟ್ಟೆ ಮಾರಾಯಾ!" ಸಾಹೇಬರು ಅಳುವುದೊಂದು ಬಾಕಿ. "ಮನೇಲಿ ನಮ್ಮತ್ತೆ ಬಂದು ಕೂತಿದ್ದಾರೆ. ಆ ತುಂಡು ಇರೋತನಕ ಏಳೋ ಹಾಗಿಲ್ಲ ಅಂತ ನಾನು ಹಾಯಾಗಿದ್ದೆ. ಈಗ ನೀನೂ ನಡಿ. ಹೊರಗಿನವ್ರ ಎದುರಿಗೆ ಅವ್ರು ನನ್ನ ಬಯ್ಯಲ್ಲ."

"ಸಾರ್, ನಮ್ಮನೇಲೂ ಇವತ್ತು..."

"ಕೊನೇ ತುಂಡಿಗೇ ಕೈ ಹಾಕಿದೋನು, ನನ್ಹತ್ರ ಎಂಥ ಸಂಕೋಚ!" ಎಂದು ಸಾಹೇಬರು ಅವನನ್ನು ಟ್ಯಾಕ್ಸಿಯೊಳಕ್ಕೆ ನೂಕಿದರು.

ಸರಿಯಾಗಿ ಎಂಟು ಗಂಟೆಗೆ ನೆಗಿಶಿ ಚಾಪೆಯ ಮೇಲೆ ಮಂಡಿಯೂರಿ ಕೂತು, ತಲೆ ಬಗ್ಗಿಸಿ, ಬಹಳ ವಿನಯದಿಂದ ಅತ್ತೆಯ ಬಟ್ಟಲಿಗೆ ಚಹಾ ಸುರಿಯುತ್ತಿದ್ದ. ಅತ್ತೆ ಮಾತ್ರ ಸಾಹೇಬರದು.