ದಾಳಿಂಬೆ ತಟ್ಟೆಯಲ್ಲಿ ಜನವರಿ ಹರಳು

ಹೆಂಡತಿಗೆ ಮದುವೆಯಾದ ಮೇಲೆ ಬಂದ ಮೊದಲ ಹುಟ್ಟುಹಬ್ಬವನ್ನು ಇಡೀ ರಾಜಾಜಿನಗರವೇ ಬೆರಗಾಗುವಂತೆ ಆಚರಿಸುತ್ತೇನೆಂದು ಶಪಥ ಮಾಡಿದೆ! ಐವತ್ತರ ದಶಕದ ಆ ಹೊಸ ಬಡಾವಣೆಯಲ್ಲಿ ಬೆರಗಾಗಲು ಜನವೇ ಇರಲಿಲ್ಲ, ಬಿಡಿ. ಕಟ್ಟಿದ ಮನೆಗಳಿಗಿಂತ ನೆಟ್ಟ ಗಡಿಕಲ್ಲುಗಳೇ ಜಾಸ್ತಿ. ನಾನು ಕಾರ್ಖಾನೆಗೆ ಹೋದರೆ ನನ್ನ ಚಿಕ್ಕಲಕ್ಷ್ಮಮ್ಮನಿಗೆ ಸಂಜೆಯವರೆಗೆ ಮಾತಿಗೆ ಸಿಗುತ್ತಿದ್ದದ್ದು ಕಾಗೆ ಮಾತ್ರ.

ಅವಳು ಹುಟ್ಟಿದ್ದು ಜನವರಿಯಲ್ಲಿ. ಜನವರಿಯವರಿಗೆ ಗಾರ್ನೆಟ್ ಎಂಬ ಕೆಂಪು ಹರಳು ಎಂದು ಇಂಗ್ಲಿಷ್ ಮಾಸಪತ್ರಿಕೆಯೊಂದು ನನಗೆ ಜ್ಞಾನೋದಯ ಮಾಡಿಸಿತ್ತು. ಉಂಗುರಕ್ಕೆಂದು ಅವೆನ್ಯೂ ರಸ್ತೆಯಲ್ಲಿ ಅಲೆದು ಒಂದು ಹರಳು ತಂದೆ. ಅವತ್ತೇ ಮಾಗಡಿ ಕಡೆಯಿಂದ ಅತ್ತೆ ಮುನಿತಾಯಮ್ಮನೂ ಬಂದಿದ್ದರು. ಬೆಳಗ್ಗೆ ಬಂದವರು ಸಂಜೆ ಬಸ್ಸಿಗೇ ಹೊರಟಿದ್ದರು.

"ನಾಲ್ಕು ದಿನ ಇರವ್ವಾ."

"ಹಸ ಕಾಯ್ತಿರ್ತವೆ ಕಣಮ್ಮಿ. ಅಳಿಯನ ಮನೇಲಿ ಬೇರು ಬಿಟ್ಟು ಕೂರೋಕಾಯ್ತದಾ?"

ತಾಯಿ ಮಗಳು ದಾಳಿಂಬೆ ಬಿಡಿಸುತ್ತಾ ಕುಳಿತಿದ್ದರು. ಉಪನ್ಯಾಸಕ್ಕೆ ಇದಕ್ಕಿಂತ ಸುಮುಹೂರ್ತ ಉಂಟೇ!

"ಗಾರ್ನೆಟ್ ಅನ್ನೋ ಹೆಸರು ಹುಟ್ಟಿದ್ದೇ ಲ್ಯಾಟಿನ್ ಭಾಷೆಯ ದಾಳಿಂಬೆಯಿಂದ ಕಣೇ! ಈಜಿಪ್ಟಿನೋರು ಗೋರಿಗೂ ಇದನ್ನ ಹಾಕ್ಕೊಂಡೇ ಹೋಗ್ತಿದ್ರು. ಯೆಹೂದಿ ಮಹಾಯಾಜಕರ ಎದೆಕವಚದಲ್ಲಿ ಹನ್ನೆರಡು ಹರಳು ಇದ್ವಂತೆ. ಅದರಿಂದಲೇ ತಿಂಗಳಿಗೊಂದು ಕಲ್ಲು ಅನ್ನೋ ಪದ್ಧತಿ ಬೆಳೀತಂತೆ. ಸಾವಿರದ ಒಂಬೈನೂರ ಹನ್ನೆರಡರಲ್ಲಿ ಅಮೆರಿಕದ ಒಡವೆ ವ್ಯಾಪಾರಿಗಳು ಸಭೆ ಸೇರಿ ಯಾವ ತಿಂಗಳಿಗೆ ಯಾವುದು ಅಂತ ಖಾಯಂ ಮಾಡಿದ್ರು!"

"ಅಲ್ಲಾ ರೀ, ನಮ್ಮವ್ವ ನನ್ನ ಹೆತ್ತಿದ್ದು ಮಾಗಡೀಲಿ. ಅಮೆರಿಕದ ಅಂಗಡಿಯೋರಿಗೆ ಯಾಕೆ ಬೇಕಿತ್ತು ಈ ಉಸಾಬರಿ?"

ವಾದದಲ್ಲಿ ಸೋತವನು ಪ್ರಯೋಗಕ್ಕಿಳಿದೆ. ಹರಳನ್ನು ದಾಳಿಂಬೆ ಕಾಳಿನ ತಟ್ಟೆಗೆ ಹಾಕಿ, ಕೈಯಾಡಿಸಿ, "ಹುಡುಕು ನೋಡೋಣ!" ಎಂದೆ.

ಅವಳು ಹುಡುಕಿದಳು. ನಾನೂ ಹುಡುಕಿದೆ. ಅಷ್ಟರಲ್ಲಿ ಕಣ್ಣು ಮಂಜಾದ ಅತ್ತೆ ಒಂದು ಹಿಡಿ ಬಾಯಿಗೆ ಹಾಕಿಕೊಂಡು ನುಂಗಿಯೂ ಆಗಿತ್ತು!

"ಅತ್ತೆ! ಗಟ್ಟಿಯಾಗಿ ಏನಾದ್ರೂ ಸಿಕ್ತಾ?"

"ಹಲ್ಲೇ ಇಲ್ದೋಳಿಗೆ ಗಟ್ಟಿ ಏನು, ಮೆತ್ತಗೇನು ಬಿಡಪ್ಪಾ."

ತಟ್ಟೆ ಬೋರಲು ಹಾಕಿದೆವು, ಚಾಪೆ ಕೊಡವಿದೆವು. ಹರಳಿಲ್ಲ!

"ಹರಳಿಗೆ ಹರಳೆಣ್ಣೆಯೇ ಮದ್ದು!" ಎಂದು ಸೀಸೆ ಹಿಡಿದು ಬಂದೆ.

"ನಮ್ಮವ್ವಂಗೆ ಕುಡಿಸಿ ನೋಡಿ, ಆಮೇಲಿದೆ!" ಎಂದು ಇವಳು ಸೀಸೆ ಕಿತ್ತುಕೊಂಡಳು.

ಕೊನೆಗೆ ಅತ್ತೆಯನ್ನು ಡಾಕ್ಟರ ಬಳಿ ಕರೆದೊಯ್ದೆವು. ಅವರು ನಕ್ಕು, "ಪುಟ್ಟ ಕಲ್ಲು, ತೊಂದ್ರೆಯಿಲ್ಲ. ಬಾಳೆಹಣ್ಣು ಕೊಟ್ಟು ಕಾಯಿರಿ," ಎಂದರು. "ಕಲ್ಲು ಬರೋವರೆಗೂ ಊರಿಗೆ ಹೋಗೋ ಹಾಗಿಲ್ಲ ಅತ್ತೆ!" ಎಂದು ನಾನು ರಾಜಾಜ್ಞೆ ಹೊರಡಿಸಿದೆ.

ಅತ್ತೆ ಉಳಿದರು. ಮಗಳಿಗೆ ಎಣ್ಣೆ ಹಚ್ಚಿ ತಲೆ ಬಾಚಿದರು, ಬಸ್ಸಾರು ಮಾಡಿದರು. ಸಂಜೆ ಬರುವಾಗ ತಾಯಿ ಮಗಳ ನಗು ರಸ್ತೆಗೇ ಕೇಳುತ್ತಿತ್ತು. ಇವಳಿಗೆ ಅಷ್ಟು ಜೋರಾಗಿ ನಗಲು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ! ನಾನೋ, ಚಪ್ಪಲಿ ಬಿಡುವ ಮೊದಲೇ, "ಬಂತಾ?" ಎಂದು ವಿಚಾರಿಸುತ್ತಿದ್ದೆ.

"ಇನ್ನೂ ಇಲ್ಲ ರೀ."

ಕೊನೆಗೊಂದು ದಿನ, ಹಸು ಕರು ಹಾಕಿತೆಂದು ಊರಿನಿಂದ ಸುದ್ದಿ ಬಂತು. ಇನ್ನು ಅತ್ತೆಯನ್ನು ತಡೆಯುವವರು ಯಾರು? ಬಸ್ಸು ಹತ್ತಿಸಿ ಬಂದು, ಮಂಕಾಗಿ ಕೂತಿದ್ದ ಇವಳಿಗೆ ಉದಾರವಾಗಿ ಸಮಾಧಾನ ಹೇಳಿದೆ: "ಹರಳು ಹೋದ್ರೆ ಹೋಗ್ಲಿ ಕಣೇ, ಇನ್ನೊಂದು ತರ್ತೀನಿ."

ಅವಳು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಕೆಂಪಗೆ ಹೊಳೆಯಿತು ಗಾರ್ನೆಟ್!

"ಎಲ್ಲಿತ್ತೇ ಇದು?"

"ನನ್ನ ಸೀರೆ ನೆರಿಗೇಲಿ. ಅವತ್ತೇ ಸಿಕ್ತು."

"ಮತ್ತೆ ಹೇಳಲೇ ಇಲ್ಲ?"

"ಹೇಳಿದ್ರೆ ಅವ್ವ ಅವತ್ತೇ ಬಸ್ ಹತ್ತೋಳು."

ಮಹಾಪಂಡಿತನಾದ ನಾನು ಹರಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದೆ. ಅವಳು ಕಣ್ಣೊರೆಸಿಕೊಂಡು, ಮೆಲ್ಲಗೆ ಹತ್ತಿರ ಸರಿದು ಕೇಳಿದಳು:

"ರೀ, ಫೆಬ್ರವರಿಗೆ ಯಾವ ಕಲ್ಲು?"